ಕಥಾನಾಯಕನೋ, ಮುಖ್ಯ ಪಾತ್ರವೋ?

ಕಥೆ ಬರೆಯಲು ಕೂತಾಗ ಇವೆರಡೂ ಒಂದೇ ಅಂದುಕೊಳ್ಳುತ್ತೇವೆ, ಅಲ್ವಾ? ಕಥೆಯನ್ನು ಮುಂದಕ್ಕೆ ತಳ್ಳುವವರು ಕಥಾನಾಯಕ; ಯಾರ ಕಣ್ಣಿನಿಂದ ಕಥೆಯನ್ನು ನೋಡುತ್ತೇವೋ ಅವರು ಮುಖ್ಯ ಪಾತ್ರ. ಎಷ್ಟೋ ಕಥೆಗಳಲ್ಲಿ ಇಬ್ಬರೂ ಒಬ್ಬರೇ. ಆದರೆ ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ಸಿನಿಮಾ ನೋಡಿ.

ಕಥೆಯನ್ನು ಮುಂದಕ್ಕೆ ತಳ್ಳುವವಳು ಯಮುನಾ. ವಿಧವೆಯಾಗಿದ್ದೂ ಗುಟ್ಟಾಗಿ ಪ್ರೀತಿಸುತ್ತಾಳೆ, ಬಸಿರಾಗುತ್ತಾಳೆ, ಬಹಿಷ್ಕಾರಕ್ಕೆ ಗುರಿಯಾಗುತ್ತಾಳೆ. ಕಥಾನಾಯಕಿ ಅವಳೇ. ಆದರೆ ನಾವು ನೋಡುವುದು ನಾಣಿಯ ಕಣ್ಣಿನಿಂದ. ವೇದ ಕಲಿಯಲು ಬಂದ ಪುಟ್ಟ ಹುಡುಗ ಅವನು, ಏನನ್ನೂ ತಡೆಯಲಾರ. ನನ್ನ ಪ್ರಕಾರ ಮುಖ್ಯ ಪಾತ್ರ ಅವನು. ಕೊನೆಗೆ ಅಪ್ಪನ ಜೊತೆ ಊರಿಗೆ ಹೊರಟಾಗ, ತಲೆ ಬೋಳಿಸಿಕೊಂಡು ಒಂಟಿಯಾಗಿ ಕೂತ ಯಮುನಕ್ಕನನ್ನು ನೋಡುತ್ತಾನೆ. ಆ ನೋಟ ನನ್ನನ್ನು ಇನ್ನೂ ಬಿಟ್ಟಿಲ್ಲ.

ನಿಮ್ಮ ಕಥೆಗೆ ಯಾವುದು? ಹೆಜ್ಜೆ ಇಡುವವರ ಮನಸ್ಸಿನೊಳಗೇ ಓದುಗರು ಇರಬೇಕಾದರೆ ಒಬ್ಬರೇ ಸಾಕು. ಅವರ ನೋವು ಪಕ್ಕದಲ್ಲಿ ನಿಂತವರ ಮೂಲಕ ತಟ್ಟಬೇಕಾದರೆ ಇಬ್ಬರನ್ನು ಇಡಿ.