ತೂಕದ ಆಪರೇಶನ್ನಿಗೆ ಇಸ್ತಾಂಬುಲಾ ಮಂಗಳೂರಾ? ಎರಡೂ ಕಡೆ ವಿಚಾರಿಸಿದವಳ ರಿವ್ಯೂ

ಮೊದ್ಲೇ ಹೇಳ್ತೇನೆ, ಇದು ಸ್ವಲ್ಪ ಉದ್ದ ಉಂಟು. ಬೇರಿಯಾಟ್ರಿಕ್ ಸರ್ಜರಿ, ಅಂದ್ರೆ ತೂಕ ಇಳಿಸ್ಲಿಕ್ಕೆ ಹೊಟ್ಟೆ ಕರುಳಿಗೆ ಮಾಡುವ ಆಪರೇಶನ್, ಮಾಡಿಸ್ಬೇಕಾ ಬೇಡ್ವಾ, ಮಾಡಿಸುದಾದ್ರೆ ಟರ್ಕಿಯ ಪ್ಯಾಕೇಜ್ ತಗೊಳ್ಳುದಾ ಇಲ್ಲೇ ಮಂಗಳೂರಲ್ಲಿ ಮಾಡಿಸುದಾ ಅಂತ ಎಂಟು ತಿಂಗಳು ಮಂಡೆಬಿಸಿ ಮಾಡ್ಕೊಂಡವಳು ನಾನು. ಆಗ ಕನ್ನಡದಲ್ಲಿ ಹುಡುಕಿದ್ರೆ ಬರೀ ಜಾಹೀರಾತು ಸಿಕ್ತಿತ್ತು, ನಮ್ಮ ಕಡೆಯವ್ರು ಯಾರೂ ಸರಿಯಾಗಿ ಬರ್ದದ್ದು ಸಿಗ್ಲಿಲ್ಲ, ಹಾಗಾಗಿ ಬರೀತಿದ್ದೇನೆ.

ನನ್ನ ಎತ್ತರ 158 ಸೆಂಟಿಮೀಟರ್, ಆಗ ತೂಕ 112 ಕೆಜಿ, ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅಂತ ನೋಡುವ ಲೆಕ್ಕ) 45ರ ಹತ್ತಿರ. ಶುಗರ್ ಇತ್ತು, ಸ್ಲೀಪ್ ಆಪ್ನಿಯಾ ಇತ್ತು, ರಾತ್ರಿ ಗೊರಕೆ ಮಧ್ಯ ಉಸಿರು ನಿಂತ ಹಾಗೆ ಆಗಿ ಇವ್ರು ತಟ್ಟಿ ಎಬ್ಬಿಸ್ಬೇಕಿತ್ತು. ಸುರತ್ಕಲ್ಲಿಂದ ಹಂಪನಕಟ್ಟೆಗೆ ದಿನಾ ಬಸ್ಸಲ್ಲಿ ಹೋಗುವವಳು, ಎಷ್ಟು ರಶ್ ಇದ್ರೂ ನನ್ನ ಪಕ್ಕದ ಸೀಟು ಕೂಳೂರು ದಾಟುವವರೆಗೆ ಖಾಲಿ ಇರ್ತಿತ್ತು. ಡಯಟ್ ಮಾಡ್ಲಿಲ್ವಾ ಅಂತ ಕೇಳ್ಬೇಡಿ, ಹದಿನೈದು ವರ್ಷದಲ್ಲಿ ಇಳಿಸಿದ ಕೆಜಿ ಎಲ್ಲ ಕೂಡಿಸಿದ್ರೆ ಇನ್ನೊಬ್ಳು ನಾನು ಆಗ್ತಿದ್ದೆ, ಇಳಿಸಿದ್ದೆಲ್ಲ ವಾಪಸ್ ಬಂದದ್ದು ಅಷ್ಟೇ.

ಟರ್ಕಿ ವಿಷಯ ಎತ್ತಿದ್ದು ನನ್ನ ಅಕ್ಕ. ಅವಳು ಮ್ಯಾಂಚೆಸ್ಟರ್ ಹತ್ರ ಒಂದು ಕೇರ್ ಹೋಮಲ್ಲಿ ಕೆಲಸ ಮಾಡುದು, ಅವಳದ್ದೂ ನನ್ನದೇ ಮೈಕಟ್ಟು, ನಮ್ಮ ಅಜ್ಜಿ ಕಡೆಯಿಂದ ಬಂದದ್ದು. ಅಲ್ಲಿ ಎನ್‌ಎಚ್‌ಎಸ್‌ನಲ್ಲಿ ಅಂದ್ರೆ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಈ ಆಪರೇಶನ್ ಪುಕ್ಕಟೆ ಸಿಗ್ತದೆ, ನಮ್ಮಂಥ ದಕ್ಷಿಣ ಏಷ್ಯಾದವರಿಗೆ ಬಿಎಂಐ ಲೆಕ್ಕದಲ್ಲಿ 2.5 ಕಮ್ಮಿ ಇದ್ರೂ ತಗೊಳ್ತಾರೆ, ಆದ್ರೆ ಕಾಯುದು ಎಷ್ಟು ಅಂತ ದೇವರಿಗೇ ಗೊತ್ತು. ಪ್ರೈವೇಟಲ್ಲಿ ಅವಳಿಗೆ ಹೇಳಿದ್ದು 10,500 ಪೌಂಡ್. ಇಸ್ತಾಂಬುಲ್ ಪ್ಯಾಕೇಜ್ 3,200 ಪೌಂಡ್, ಇಬ್ಬರು ಒಟ್ಟಿಗೆ ಬಂದ್ರೆ ಒಬ್ಬೊಬ್ಬರಿಗೆ 2,900. ಅಕ್ಕ ಫೋನಲ್ಲಿ ಹೇಳಿದ್ಳು, "ನೀನು ಅಲ್ಲಿಂದ ಬಾ, ನಾನು ಇಲ್ಲಿಂದ ಬರ್ತೇನೆ, ಇಬ್ರೂ ಅಕ್ಕಪಕ್ಕದ ಬೆಡ್ಡಲ್ಲಿ ಮಲಗುವಾ." ನಾವು ಮುಖ ನೋಡದೆ ಮೂರು ವರ್ಷ ಆಗಿತ್ತು. ನನಗೆ ಆ ಮಾತು ಕೇಳಿಯೇ ಅರ್ಧ ಮನಸ್ಸು ಆಗಿತ್ತು.

ಈಗ ಆ ಪ್ಯಾಕೇಜಿನವರ ಬಗ್ಗೆ. ಹೆಸರು ಹಾಕುದಿಲ್ಲ. ಎಲ್ಲ ವಾಟ್ಸಾಪಲ್ಲೇ. ಎತ್ತರ, ತೂಕ, ವಯಸ್ಸು, ಎದುರಿಂದ ಮತ್ತು ಬದಿಯಿಂದ ಒಂದೊಂದು ಫೋಟೋ ಕಳಿಸಿ ಅಂದ್ರು, ರಾತ್ರಿ ಹನ್ನೊಂದಕ್ಕೆ ಕಳಿಸಿದ್ರೆ ಎರಡು ನಿಮಿಷಕ್ಕೆ ರಿಪ್ಲೈ, ಹತ್ತು ನಿಮಿಷಕ್ಕೆ "ನಿಮಗೆ ಸ್ಲೀವ್ ಸೂಟ್ ಆಗ್ತದೆ ಡಿಯರ್" ಅಂತ ತೀರ್ಮಾನವೂ ಆಯ್ತು. ಸ್ಲೀವ್ ಅಂದ್ರೆ ಹೊಟ್ಟೆಯ ಚೀಲದ ಮುಕ್ಕಾಲು ಪಾಲಿಗಿಂತ ಜಾಸ್ತಿ ಕತ್ತರಿಸಿ ತೆಗೆದು ಬಾಳೆಹಣ್ಣಿನ ಹಾಗೆ ಒಂದು ಕೊಳವೆ ಉಳಿಸುದು, ಒಮ್ಮೆ ತೆಗೆದ್ರೆ ಮತ್ತೆ ಜೋಡಿಸ್ಲಿಕ್ಕೆ ಆಗುದಿಲ್ಲ. ಏರ್‌ಪೋರ್ಟ್ ಪಿಕಪ್, ಮೂರು ರಾತ್ರಿ ಆಸ್ಪತ್ರೆ, ಎರಡು ರಾತ್ರಿ ಹೋಟೆಲ್, ಜೊತೆಗಾರರಿಗೆ ಊಟ, ಎಲ್ಲ ಸೇರಿ ಅಂತ ಚಂದದ ಪಟ್ಟಿ. ನಾನು ಕೇಳಿದ್ದು ಎರಡೇ ಪ್ರಶ್ನೆ. ಕೊಯ್ಯುವ ಡಾಕ್ಟ್ರ ಹೆಸರೇನು, ಮತ್ತೆ ಮನೆಗೆ ಬಂದ ಮೇಲೆ ಹೊಟ್ಟೆ ಕತ್ತರಿಸಿ ಸ್ಟೇಪಲ್ ಹಾಕಿ ಮುಚ್ಚಿದ ಜಾಗ ಲೀಕ್ ಆದ್ರೆ ನಾನು ಎಲ್ಲಿಗೆ ಹೋಗ್ಬೇಕು, ಖರ್ಚು ಯಾರದ್ದು? ಅಷ್ಟು ಹೊತ್ತು ಪಟಪಟ ಬರ್ತಿದ್ದ ರಿಪ್ಲೈ ಎರಡು ದಿನ ಬರ್ಲಿಲ್ಲ. ಬಂದದ್ದು, "ನಮ್ಮಲ್ಲಿ ಲೀಕ್ ಆಗುದೇ ಇಲ್ಲ, ಚಿಂತೆ ಮಾಡ್ಬೇಡಿ, ಈ ವಾರ ಅಡ್ವಾನ್ಸ್ ಹಾಕಿದ್ರೆ ರೇಟ್ ಲಾಕ್ ಮಾಡ್ತೇವೆ." ಡಾಕ್ಟ್ರ ಹೆಸರು ಬರ್ಲೇ ಇಲ್ಲ. ಎಂಥ ಒಳ್ಳೆ ಸರ್ಜನ್ ಆದ್ರೂ ನೂರರಲ್ಲಿ ಒಂದು ಎರಡು ಲೀಕ್ ಆಗುದುಂಟು, ಸುಮಾರು ಸಲ ಅದು ಡಿಸ್ಚಾರ್ಜ್ ಆದ ಮೇಲೆ, ಎರಡು ವಾರ ಕಳೆದೂ ಕಾಣಿಸ್ಕೊಳ್ತದೆ, ಆಗುದೇ ಇಲ್ಲ ಅಂತ ಹೇಳುವವರನ್ನು ನಂಬ್ಲಿಕ್ಕೆ ನನಗೆ ಮನಸ್ಸು ಬರ್ಲಿಲ್ಲ.

ಟರ್ಕಿಯವ್ರೆಲ್ಲ ಹೀಗೆ ಅಂತ ಅಲ್ಲ, ಅದನ್ನೂ ಹೇಳ್ಬೇಕು. ಅಲ್ಲಿ ವರ್ಷಕ್ಕೆ ಸಾವಿರಗಟ್ಲೆ ಜನ ಹೋಗಿ ಮಾಡಿಸಿ ಬರ್ತಾರೆ, ಅಕ್ಕನ ಜೊತೆ ಕೆಲಸ ಮಾಡುವ ಒಬ್ಬಳು ಅಲ್ಲೇ ಸ್ಲೀವ್ ಮಾಡಿಸಿ ಎರಡು ವರ್ಷದಿಂದ ಆರಾಮ ಇದ್ದಾಳೆ. ಆದ್ರೆ 2023ರ ಫೆಬ್ರವರಿ ಮಾರ್ಚಲ್ಲಿ ಜರ್ಮನಿ ಕಡೆಯಿಂದೆಲ್ಲ ಹೋಗಿ ತೂಕ ಇಳಿಸ್ಲಿಕ್ಕೆ ಹೊಟ್ಟೆಗೆ ಬೊಟಾಕ್ಸ್ ಇಂಜೆಕ್ಷನ್ ಹಾಕಿಸ್ಕೊಂಡವರಿಗೆ ಬೊಟುಲಿಸಂ (ಸ್ನಾಯುಗಳ ಶಕ್ತಿ ಹೋಗುವ ವಿಷಬಾಧೆ) ಆದದ್ದೂ ಅಲ್ಲೇ. ಅಮೆರಿಕದವರು ಕಮ್ಮಿಗೆ ಆಗ್ತದೆ ಅಂತ ಮೆಕ್ಸಿಕೋದ ತಿಹುವಾನಾಕ್ಕೆ ಹೋಗುದು, ಅಲ್ಲಿಂದ ಹೆಚ್ಚಿನ ಆಂಟಿಬಯಾಟಿಕ್ಕಿಗೆ ಬಗ್ಗದ ಸೂಡೋಮೊನಾಸ್ ಬ್ಯಾಕ್ಟೀರಿಯಾದ ಸೋಂಕು ತಗೊಂಡು ಬಂದವರ ಬಗ್ಗೆ 2019ರಲ್ಲಿ ಅವರ ಸರ್ಕಾರವೇ ಎಚ್ಚರಿಕೆ ಕೊಟ್ಟಿತ್ತು. ಹೋಗುವ ಊರಿಗಿಂತ, ಅಲ್ಲಿ ಯಾವ ಆಸ್ಪತ್ರೆ, ಯಾವ ಡಾಕ್ಟ್ರು ಅಂತ ಗೊತ್ತಿಲ್ಲದೆ ಹೋಗುದು ನನಗೆ ಹೆದರಿಕೆ ಆದದ್ದು.

ನಮ್ಮ ಅಮ್ಮನಿಗೆ ಬೇರೆ ಹೆದರಿಕೆ. 2022ರಲ್ಲಿ ಬೆಂಗಳೂರಲ್ಲಿ ಆ ಕಿರುತೆರೆ ನಟಿ, 21 ವರ್ಷದ ಹುಡುಗಿ, ಕೊಬ್ಬು ತೆಗೆಸ್ಲಿಕ್ಕೆ ಹೋಗಿ ತೀರಿಕೊಂಡದ್ದು ಅವರ ಮನಸ್ಸಲ್ಲಿ ಕೂತಿತ್ತು. ಅದು ಚರ್ಮದ ಅಡಿಯ ಕೊಬ್ಬು ತೆಗೆಯುವ ಕಾಸ್ಮೆಟಿಕ್ ಸರ್ಜರಿ ಅಮ್ಮ, ಇದು ಹೊಟ್ಟೆ ಕರುಳಿನದ್ದು, ಶುಗರಿಗೂ ಮಾಡುದು ಅಂತ ಎಷ್ಟು ಹೇಳಿದ್ರೂ "ನೀನು ದಪ್ಪ ಇದ್ರೂ ನನಗೆ ನೀನು ಬೇಕು ಮಗಾ" ಅಂತ ಅಳುದು. ಅಮ್ಮನ ಸಮಾಧಾನಕ್ಕೆ ಅಂತಲೇ ಒಂದು ಸಲ ಇಲ್ಲಿಯ ಡಾಕ್ಟ್ರನ್ನೂ ನೋಡುವಾ ಅಂತ ಹೋದದ್ದು, ಈಗ ನೆನೆಸಿಕೊಂಡ್ರೆ ಅದೇ ನನ್ನ ಪುಣ್ಯ.

ಇಲ್ಲಿಯ ಆಸ್ಪತ್ರೆಯವ್ರು ಹತ್ತು ನಿಮಿಷದಲ್ಲಿ ಎಂಥದ್ದೂ ಹೇಳ್ಲಿಲ್ಲ. ಎರಡು ತಿಂಗಳು ಓಡಾಡಿಸಿದ್ರು, ಆಗ ಕೋಪ ಬಂದಿತ್ತು. ಎಂಡೋಸ್ಕೋಪಿ, ಹೊಟ್ಟೆ ಸ್ಕ್ಯಾನ್, ಒಂದು ರಾತ್ರಿ ಮಲಗಿಸಿ ಸ್ಲೀಪ್ ಸ್ಟಡಿ, ಥೈರಾಯ್ಡ್, ವಿಟಮಿನ್, ಮನೋವೈದ್ಯರ ಹತ್ರ ಒಂದು ಗಂಟೆ ಮಾತು. ಎಂಡೋಸ್ಕೋಪಿಯಲ್ಲಿ ಗೊತ್ತಾಯ್ತು ನನಗೆ ಹಯಾಟಸ್ ಹರ್ನಿಯಾ (ಹೊಟ್ಟೆಯ ಮೇಲ್ಭಾಗ ಎದೆಯ ಕಡೆಗೆ ನುಗ್ಗುದು) ಉಂಟು, ಆಸಿಡ್ ಮೇಲೆ ಬಂದು ಅನ್ನನಾಳ ಹುಣ್ಣಾಗಿದೆ ಅಂತ. ಎದೆಯುರಿಗೆ ಹತ್ತು ವರ್ಷದಿಂದ ಮೆಡಿಕಲಿಂದ ಮಾತ್ರೆ ತಂದು ನುಂಗ್ತಿದ್ದೆ, ಯಾರಿಗೂ ಹೇಳಿರ್ಲಿಲ್ಲ, ಪ್ಯಾಕೇಜಿನವ್ರು ಕೇಳಿಯೂ ಇರ್ಲಿಲ್ಲ. ಡಾಕ್ಟ್ರು ಒಂದು ಚೀಟಿಯ ಹಿಂದೆ ಪೆನ್ನಲ್ಲಿ ಹೊಟ್ಟೆ ಬಿಡಿಸಿ ತೋರಿಸಿದ್ರು, ಸ್ಲೀವ್ ಮಾಡಿದ್ರೆ ಒಳಗೆ ಒತ್ತಡ ಜಾಸ್ತಿ ಆಗಿ ಈ ಆಸಿಡ್ ಇನ್ನೂ ಮೇಲೆ ಬರ್ತದೆ, ನಿಮಗೆ ಬೈಪಾಸೇ ಸರಿ, ಅಂದ್ರೆ ಹೊಟ್ಟೆಯ ಮೇಲ್ಭಾಗವನ್ನು ಸಣ್ಣ ಚೀಲ ಮಾಡಿ ನೇರ ಕರುಳಿಗೆ ಜೋಡಿಸುದು, ಅಂದ್ರು. ಆ ಚೀಟಿ ಈಗ್ಲೂ ನನ್ನ ಫೈಲಲ್ಲಿ ಉಂಟು. ಇಸ್ತಾಂಬುಲ್ಲಿಗೆ ಹೋಗಿದ್ರೆ ಸ್ಲೀವ್ ಅಂತ ದುಡ್ಡು ಕಟ್ಟಿಯೇ ಹೋಗ್ತಿದ್ದೆ.

ದುಡ್ಡಿನ ಲೆಕ್ಕ ಹೇಳ್ತೇನೆ. ನನಗೆ ಟರ್ಕಿ ಕಮ್ಮಿ ಅಲ್ಲವೇ ಅಲ್ಲ. ಪ್ಯಾಕೇಜ್ ನಮ್ಮ ದುಡ್ಡಲ್ಲಿ ಮೂರು ಲಕ್ಷದ ಮೇಲೆ, ಮಂಗಳೂರಿಂದ ನೇರ ವಿಮಾನ ಇಲ್ಲ, ಇವ್ರದ್ದೂ ನನ್ನದೂ ಟಿಕೆಟ್, ವೀಸಾ ಎಲ್ಲ ಸೇರಿ ನಾಲ್ಕೂವರೆ ಆಗ್ತಿತ್ತು, ಎಲ್ಲ ನಮ್ಮ ಕೈಯಿಂದ. ಇಲ್ಲಿ ಹೇಳಿದ್ದು 3.8 ಲಕ್ಷ, ಬಿಲ್ ಆದದ್ದು 4.35. ಸ್ಟೇಪ್ಲರಿನ ಕಾರ್ಟ್ರಿಜ್ ಒಂದೊಂದಕ್ಕೂ ಬೇರೆ ಚಾರ್ಜ್ ಅಂತ ಮೊದ್ಲು ಯಾರೂ ಹೇಳಿರ್ಲಿಲ್ಲ, ಬಿಲ್ಲಿಂಗ್ ಕೌಂಟರಲ್ಲಿ ಇವ್ರು ಅರ್ಧ ಗಂಟೆ ಜಗಳ ಮಾಡಿದ್ರು, ಇದು ಆಸ್ಪತ್ರೆಯವ್ರದ್ದು ದೊಡ್ಡ ತಪ್ಪು, ನೀವು ಹೋಗುದಾದ್ರೆ ಎಲ್ಲ ಸೇರಿ ಎಷ್ಟು ಅಂತ ಬರೆಸಿಕೊಳ್ಳಿ. ಆದ್ರೆ ಇನ್ಶೂರೆನ್ಸ್ 3.6 ಲಕ್ಷ ಕೊಟ್ಟಿತು. ತುಂಬ ಜನರಿಗೆ ಇದು ಗೊತ್ತಿಲ್ಲ ಮಾರಾಯ್ರೆ, ಬಿಎಂಐ 40 ಅಥವಾ ಅದಕ್ಕಿಂತ ಮೇಲೆ ಇದ್ರೆ, ಇಲ್ಲ 35 ಅಥವಾ ಅದಕ್ಕಿಂತ ಮೇಲೆ ಇದ್ದು ಜೊತೆಗೆ ಹೃದಯದ ತೊಂದ್ರೆ, ಜೋರು ಸ್ಲೀಪ್ ಆಪ್ನಿಯಾ, ಹತೋಟಿಗೆ ಬಾರದ ಟೈಪ್ 2 ಶುಗರ್ ಇಂಥದ್ದು ಏನಾದ್ರೂ ಇದ್ರೆ, ಡಾಕ್ಟ್ರು ಬರ್ಕೊಟ್ಟ ಆಪರೇಶನ್ನನ್ನು ಬರೀ ತೂಕದ್ದು ಅಂತ ಹೇಳಿ ಹೊರಗಿಡ್ಲಿಕ್ಕೆ ಇನ್ಶೂರೆನ್ಸ್ ಕಂಪೆನಿಗಳ ಮೇಲೆ ನಿಗಾ ಇಡುವ ಐಆರ್‌ಡಿಎಐ ನಿಯಮದಲ್ಲಿ ಬರುದಿಲ್ಲ. ವೇಟಿಂಗ್ ಪೀರಿಯಡ್ ಮಾತ್ರ ನಿಮ್ಮ ಪಾಲಿಸಿಯಲ್ಲಿ ಎಷ್ಟು ಉಂಟು ನೋಡ್ಕೊಳ್ಳಿ. ನಂದು ಮೊದ್ಲ ಸಲ ರಿಜೆಕ್ಟ್ ಆಯ್ತು, ಸ್ಲೀಪ್ ಸ್ಟಡಿ ರಿಪೋರ್ಟ್ ಹಾಕಿ ಮತ್ತೆ ಕಳಿಸಿದ ಮೇಲೆ ಪಾಸಾಯ್ತು.

2024ರ ಜುಲೈ ಮೊದಲ ವಾರ ಆಪರೇಶನ್. ಅದಕ್ಕೆ ಮೊದ್ಲು ಎರಡು ವಾರ ಲಿವರ್ ಸಣ್ಣ ಆಗ್ಲಿಕ್ಕೆ ಡಯಟ್. ಆಪರೇಶನ್ ಬಗ್ಗೆ ಹೇಳ್ಲಿಕ್ಕೆ ಜಾಸ್ತಿ ಇಲ್ಲ, ಐದು ಸಣ್ಣ ತೂತು, ಅದೇ ಸಂಜೆ ನಡೆಸಿದ್ರು, ನಾಲ್ಕನೇ ದಿನ ಮನೆ. ಡಯಟಿಶಿಯನ್ ಕೊಟ್ಟ ಪ್ರಿಂಟಲ್ಲಿ ದಲಿಯಾ, ಪನೀರ್ ಭುರ್ಜಿ, ಮೂಂಗ್ ದಾಲ್ ಚೀಲಾ, ನಮ್ಮ ಮನೆಯಲ್ಲಿ ಯಾರಿಗೂ ಮಾಡ್ಲಿಕ್ಕೇ ಬರುದಿಲ್ಲ. ಎರಡನೇ ವಿಸಿಟಲ್ಲಿ ಅಮ್ಮ ಒಟ್ಟಿಗೆ ಬಂದು ಕೂತು ಒಂದೊಂದೇ ಕೇಳಿದ್ರು, ಗಂಜಿ ತಿಳಿ ಆಗ್ತದಾ, ಬೊಂಡ (ಎಳನೀರು) ಆಗ್ತದಾ, ಹುರುಳಿ ಸಾರು ಸೋಸಿ ಕೊಟ್ರೆ? ಬಂಗುಡೆ ಮುಳ್ಳು ತೆಗೆದು ಮಿಕ್ಸಿಗೆ ಹಾಕಿದ್ರೆ? ಆ ಹುಡುಗಿ ಪಾಪ ಎಲ್ಲ ಬರ್ಕೊಂಡು, ಯಾವುದು ಎಷ್ಟನೇ ವಾರಕ್ಕೆ, ಯಾವುದರಲ್ಲಿ ಪ್ರೋಟೀನ್ ಎಷ್ಟು ಅಂತ ಹೊಸ ಪಟ್ಟಿಯೇ ಮಾಡಿ ಕೊಟ್ಳು. ಬೊಂಡ ಗುಟುಕು ಗುಟುಕಾಗಿ, ಒಂದು ಬೊಂಡ ಕುಡಿಲಿಕ್ಕೆ ನನಗೆ ಒಂದೂವರೆ ಗಂಟೆ.

ಈಗ ಮುಖ್ಯ ವಿಷಯ. ಐದನೇ ವಾರ, ಆಟಿಯ ಮಳೆ. ಬುಧವಾರದಿಂದ ಮೆತ್ತಗಿನ ಅನ್ನ ಸಿಕ್ಕಿಕೊಂಡ ಹಾಗೆ ಆಗ್ತಿತ್ತು, ಶುಕ್ರವಾರ ಸಾರು ವಾಂತಿ, ಶನಿವಾರ ರಾತ್ರಿ ಒಂದು ಚಮಚ ನೀರು ಕುಡಿದ್ರೂ ಎರಡು ನಿಮಿಷಕ್ಕೆ ಹಾಗೇ ವಾಪಸ್. ಕೈ ನಡುಗ್ತಿತ್ತು. ಇವ್ರು ಕೊಡೆ ಹಿಡಿದು ಕಾರಿಗೆ ಹತ್ತಿಸಿದ್ರು, ವೈಪರ್ ಫುಲ್ ಸ್ಪೀಡಲ್ಲಿ ಇದ್ರೂ ಪಣಂಬೂರು ಹತ್ರ ಎದುರು ಲಾರಿ ಕಾಣ್ತಿರ್ಲಿಲ್ಲ. ಎಮರ್ಜೆನ್ಸಿಯಲ್ಲಿ ಡ್ಯೂಟಿ ಡಾಕ್ಟ್ರು ಗ್ಲೂಕೋಸ್ ಬಾಟ್ಲಿ ತಗೊಂಡಾಗ ಫೋನಲ್ಲಿದ್ದ ನಮ್ಮ ಸರ್ಜನ್ ಹೇಳಿದ್ದು ನನಗೂ ಕೇಳಿಸ್ತು, "ಮೊದ್ಲು ಥಯಾಮಿನ್ ಹಾಕಿ, ಮತ್ತೆ ಗ್ಲೂಕೋಸ್." ವಾಂತಿ ಆಗಿ ಆಗಿ ಥಯಾಮಿನ್, ಅಂದ್ರೆ ವಿಟಮಿನ್ ಬಿ1, ಇಳಿದವರಿಗೆ ಬರೀ ಗ್ಲೂಕೋಸ್ ಕೊಟ್ರೆ ಮೆದುಳಿಗೇ ಪೆಟ್ಟು ಆಗ್ತದಂತೆ. ನನಗೆ ಆದದ್ದು ಸ್ಟ್ರಿಕ್ಚರ್, ಹೊಟ್ಟೆಗೂ ಕರುಳಿಗೂ ಜೋಡಿಸಿದ ಬಾಯಿ ಗಾಯ ಮಾಯುವಾಗ ಸಣ್ಣ ಆಗುದು, ಬೈಪಾಸ್ ಆದ ಕೆಲವರಿಗೆ ಒಂದು ಎರಡು ತಿಂಗಳ ಹೊತ್ತಿಗೆ ಹೀಗೆ ಆಗುದುಂಟು, ಯಾರ ತಪ್ಪೂ ಅಲ್ಲ. ಸೋಮವಾರ ಎಂಡೋಸ್ಕೋಪಿಯಲ್ಲಿ ಬಲೂನ್ ಹಾಕಿ ಅಗಲ ಮಾಡಿದ್ರು, ಎರಡು ವಾರ ಬಿಟ್ಟು ಇನ್ನೊಮ್ಮೆ. ಆಪರೇಶನ್ ಮಾಡಿದವರೇ ಇದ್ರು, ಯಾವ ಜಾಗ ಎಷ್ಟು ಅಗಲ ಬಿಟ್ಟದ್ದು ಅಂತ ಅವ್ರಿಗೆ ಗೊತ್ತಿತ್ತು.

ಆಸ್ಪತ್ರೆ ಬೆಡ್ಡಿಂದಲೇ ಅಕ್ಕನಿಗೆ ಫೋನ್ ಮಾಡಿದೆ. ಐದನೇ ವಾರ ಅಂದ್ರೆ ಇಸ್ತಾಂಬುಲ್ಲಿಂದ ಅವಳು ವಾಪಸ್ ಹೋಗಿ ಕೆಲಸಕ್ಕೆ ಸೇರಿ ಆಗಿರ್ತಿತ್ತು. ಎಮರ್ಜೆನ್ಸಿ ಆದ್ರೆ ಎನ್‌ಎಚ್‌ಎಸ್‌ನವ್ರು ನೋಡ್ತಾರೆ, ಬಿಡುದಿಲ್ಲ. ಆದ್ರೆ ಅಲ್ಲಿಯೇ ಮಾಡಿಸಿದವರಿಗೆ ಕನಿಷ್ಠ ಎರಡು ವರ್ಷ ಆ ಟೀಮಿನವ್ರೇ ಫಾಲೋ ಅಪ್ ಮಾಡ್ಬೇಕು ಅಂತ ಅವರ ಗೈಡ್‌ಲೈನ್ ಉಂಟು, ಹೊರಗೆ ಮಾಡಿಸಿ ಬಂದವರಿಗೆ ಆ ಟೀಮ್ ಎಲ್ಲಿಂದ ಬರ್ಬೇಕು? ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಇದೆಲ್ಲ ಸಾಯುವವರೆಗೆ ತಗೊಳ್ಬೇಕು, ವರ್ಷ ವರ್ಷ ರಕ್ತ ನೋಡಿಸ್ಬೇಕು.

ಆಗ ಅಕ್ಕ ಕೇಳಿದ ಪ್ರಶ್ನೆ, "ಹಾಗಾದ್ರೆ ನಾನು ಮಂಗಳೂರಿಗೆ ಬಂದು ಮಾಡಿಸಿದ್ರೂ ಅದೇ ಕಥೆ ಅಲ್ವಾ?" ಅವಳು ಹೇಳಿದ್ದು ಸರಿ. ಅವಳಿಗೆ ಮಂಗಳೂರೂ ವಿದೇಶವೇ. ಗಲ್ಫಿಂದ ಹದಿನೈದು ದಿನ ರಜೆ ಹಾಕಿ ಬಂದು ಮಾಡಿಸ್ಕೊಂಡು ಹೋಗುವವರಿಗೂ ನಾನು ಅದನ್ನೇ ಹೇಳುದು, ಊರು ಅಂತ ಧೈರ್ಯ ಬೇಡ, ಹದಿನೈದು ದಿನ ಸಾಕಾಗುದಿಲ್ಲ. ಆಪರೇಶನ್ ಆದ ಮೇಲೆ ಉದ್ದ ವಿಮಾನದಲ್ಲಿ ಕೂತ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವ ಅಪಾಯ ಬೇರೆ. ಅಕ್ಕನಿಗೆ ನಮ್ಮ ಡಾಕ್ಟ್ರು ಹೇಳಿದ್ದು ಎರಡು ತಿಂಗಳು ಇರುವ ಹಾಗಿದ್ರೆ ಮಾತ್ರ ಬನ್ನಿ ಅಂತ, ಜೊತೆಗೆ ಅಲ್ಲಿಯ ಅವಳ ಜಿಪಿ (ಮಾಮೂಲಿ ನೋಡುವ ಡಾಕ್ಟ್ರು) ಆಮೇಲೆ ರಕ್ತ ಪರೀಕ್ಷೆ ನೋಡ್ಕೊಳ್ತೇನೆ ಅಂತ ಒಪ್ಪಿದ್ದು ಬರಹದಲ್ಲಿ ಬೇಕು ಅಂತ. ಒಂದು ಆಪರೇಶನ್ ಬಿಟ್ಟು ಹೋದ್ರೂ ಪರ್ವಾಗಿಲ್ಲ ಅಂತ ಷರತ್ತು ಹಾಕಿದ್ರಲ್ಲ, ನಾನು ಈ ಆಸ್ಪತ್ರೆಗೆ ಒಳ್ಳೆ ಮಾರ್ಕ್ ಕೊಡುದು ಅದಕ್ಕೆ. ಐದರಲ್ಲಿ ನಾಲ್ಕು, ಬಿಲ್ಲಿಂಗಿಗೆ ಒಂದು ಕಮ್ಮಿ. ಪ್ಯಾಕೇಜಿನವರಿಗೆ ಒಂದು.

ಈಗ ಹದಿನಾಲ್ಕು ತಿಂಗಳು, 78 ಕೆಜಿ. ಶುಗರ್ ಮಾತ್ರೆ ನಿಂತಿದೆ, ಎಚ್‌ಬಿಎ1ಸಿ (ಮೂರು ತಿಂಗಳ ಶುಗರಿನ ಸರಾಸರಿ) 8.4 ಇದ್ದದ್ದು 5.8, ರಾತ್ರಿ ಇವ್ರಿಗೂ ನಿದ್ದೆ. ನಾಲ್ಕನೇ ತಿಂಗಳಲ್ಲಿ ಕೂದಲು ಮುಷ್ಟಿ ಮುಷ್ಟಿ ಉದುರಿತ್ತು, ಈಗ ಬರ್ತಾ ಉಂಟು. ತೋಳಿನ ಚರ್ಮ ಜೋತು ಬಿದ್ದಿದೆ. ಸಿಹಿ ಆಗುದಿಲ್ಲ, ಒಂದು ಸೀಮಂತದಲ್ಲಿ ಅರ್ಧ ಲೋಟ ಪಾಯಸ ಕುಡಿದು ಎದೆ ಡಬಡಬ ಹೊಡ್ಕೊಂಡು ಬೆವರಿ ಒಳಗೆ ಕೋಣೆಯಲ್ಲಿ ಮಲಗಿದ್ದೆ, ಡಂಪಿಂಗ್ ಅಂತಾರೆ ಅದಕ್ಕೆ. ಬ್ರೂಫೆನ್ ತರದ ನೋವಿನ ಮಾತ್ರೆ ಮುಟ್ಲಿಕ್ಕಿಲ್ಲ, ಹುಣ್ಣಾಗ್ತದೆ. ಮಕ್ಕಳು ಬೇಕು ಅಂತ ಇರುವವರು ಒಂದು ಒಂದೂವರೆ ವರ್ಷ ಕಾಯ್ಬೇಕು, ಇದನ್ನು ಆಪರೇಶನ್ನಿಗೆ ಮೊದ್ಲೇ ಮನೆಯಲ್ಲಿ ಮಾತಾಡಿಕೊಳ್ಳಿ. ತೂಕ ಇಳಿಸುವ ಇಂಜೆಕ್ಷನ್ ಮೌಂಜಾರೊ ಬಂದಿದೆಯಲ್ಲ, ಅದು ಸಾಕಿತ್ತಲ್ಲ ಅಂತ ಈಗ ಎಲ್ಲರೂ ಕೇಳ್ತಾರೆ. ಅದು ಇಲ್ಲಿಗೆ ಬಂದದ್ದು 2025ರ ಮಾರ್ಚಲ್ಲಿ, ಆಗ ನನ್ನ ಆಪರೇಶನ್ ಆಗಿ ಎಂಟು ತಿಂಗಳು. ನಿಮಗೆ ಅದು ಆಗ್ತದಾ ಅಂತ ಡಾಕ್ಟ್ರಲ್ಲಿ ಕೇಳಿ, ಖಂಡಿತ ಕೇಳ್ಬೇಕಾದ ಪ್ರಶ್ನೆ ಅದು.

ಅಕ್ಕ ಇಸ್ತಾಂಬುಲ್ಲಿಗೆ ಅಡ್ವಾನ್ಸ್ ಹಾಕ್ಲಿಲ್ಲ. ಜನವರಿಗೆ ಒಂಬತ್ತು ವಾರ ರಜೆ ಕೇಳಿದ್ದಾಳೆ, ಜಿಪಿ ಪತ್ರ ಕೊಟ್ಟಿದ್ದಾರೆ. ಬರುವ ಮೊದ್ಲು ಅಲ್ಲೇ ಒಂದು ಎಂಡೋಸ್ಕೋಪಿ ಮಾಡಿಸಿ ರಿಪೋರ್ಟ್ ಕಳಿಸಿ ಅಂತ ನಮ್ಮ ಡಾಕ್ಟ್ರು ಹೇಳಿದ್ದಾರೆ, ಯಾಕಂದ್ರೆ ಅವಳಿಗೂ ಎದೆಯುರಿ ಉಂಟು, ಅವಳೂ ಯಾರಿಗೂ ಹೇಳಿರ್ಲಿಲ್ಲ. ಆ ರಿಪೋರ್ಟ್ ಬಂದ ಮೇಲೆ ಟಿಕೆಟ್.