ದ್ರಾಕ್ಷಿ ತೋಟದಿಂದ ಗುಡ್ಡದ ನೆತ್ತಿಗೆ: ಹನುಮಸಾಗರ ಸೀಮೆಯ ಮೂರು ಓಟದ ದಾರಿಗಳು

ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲೂಕಿನಲ್ಲಿ, ಹನುಮಸಾಗರದ ಆಸುಪಾಸಿನ ಗುಡ್ಡಗಳ ಬುಡಕ್ಕೆ, ದ್ರಾಕ್ಷಿ ಬೆಳೆಯುವ ಒಂದು ರೈತ ಕುಟುಂಬವು ತನ್ನ ತೋಟದ ಬದುಗಳನ್ನೂ ಅದಕ್ಕೆ ಹೊಂದಿಕೊಂಡ ಗುಡ್ಡದ ಬಂಡಿದಾರಿಯನ್ನೂ ಸೇರಿಸಿ ಓಟಗಾರರಿಗೆ ಮೂರು ದಾರಿಗಳನ್ನು ಗುರುತಿಸಿಕೊಟ್ಟಿದೆ. ಶನಿವಾರ ರಾತ್ರಿ ತಂಗಲು ತೋಟದ ಮನೆಯಲ್ಲಿ ಎರಡು ಕೋಣೆಗಳಿವೆ, ಭಾನುವಾರ ಓಟ ಮುಗಿದ ಮೇಲೆ ನಾಷ್ಟಾ ಸಿಗುತ್ತದೆ. ಇದಕ್ಕೆ ಮನೆಯವರು ಇನ್ನೂ ಹೆಸರಿಟ್ಟಿಲ್ಲ, ರಸ್ತೆಯಲ್ಲಿ ಫಲಕವನ್ನೂ ಹಾಕಿಲ್ಲ. ಕುಷ್ಟಗಿ, ಇಳಕಲ್ಲು, ಗಜೇಂದ್ರಗಡದ ಓಟಗಾರರು ಒಬ್ಬರಿಂದೊಬ್ಬರು ಕೇಳಿ ತಿಳಿದು ಇಲ್ಲಿಗೆ ಬರುತ್ತಾರೆ. ಡಾಂಬರು ರಸ್ತೆಯಲ್ಲಿ ಲಾರಿಗಳ ಪಕ್ಕದಲ್ಲಿ ಓಡಿ ರೂಢಿಯಾದ ನಮ್ಮ ಭಾಗದವರಿಗೆ ಇಂಥದೊಂದು ವ್ಯವಸ್ಥೆ ಎಷ್ಟು ಅಗತ್ಯವಾಗಿತ್ತೆಂಬುದು ಇಲ್ಲಿ ಓಡಿದವರಿಗೆ ಕೂಡಲೇ ಅರ್ಥವಾಗುತ್ತದೆ.

ದ್ರಾಕ್ಷಿ ತೋಟಕ್ಕೂ ದೂರದ ಓಟಕ್ಕೂ ನಂಟು ಹೊಸದಲ್ಲ. ಫ್ರಾನ್ಸಿನ ಬೋರ್ಡೋ ಸಮೀಪದ ಮೆಡಾಕ್‌ನಲ್ಲಿ 1985ರಿಂದ ತೋಟಗಳ ನಡುವೆಯೇ ಮ್ಯಾರಥಾನ್ ನಡೆಯುತ್ತ ಬಂದಿದೆ. ನಮ್ಮ ಜಿಲ್ಲೆಯಲ್ಲಿಯೇ ವೈನ್ ದ್ರಾಕ್ಷಿ ಬೆಳೆಯುವ ಕ್ರಸ್ಮಾ ಎಸ್ಟೇಟನ್ನು ಕಟ್ಟಿದ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ ಏಳೂ ಖಂಡಗಳಲ್ಲಿ ಮ್ಯಾರಥಾನ್ ಓಡಿದವರು. ಆದರೆ ನಾನು ಬರೆಯುತ್ತಿರುವ ತೋಟದಲ್ಲಿ ಬೆಳೆಯುವುದು ತಿನ್ನುವ ದ್ರಾಕ್ಷಿ ಮತ್ತು ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ, ಹೋಗುವ ದ್ರಾಕ್ಷಿ, ಮುಖ್ಯವಾಗಿ ಥಾಮ್ಸನ್ ಸೀಡ್‌ಲೆಸ್ ಹಾಗೂ ಸೋನಾಕಾ. ಇಲ್ಲಿ ಬೆಳೆಯೇ ಮೊದಲು, ಓಟ ಆಮೇಲೆ. ಈ ವ್ಯವಸ್ಥೆಯ ಹೆಚ್ಚಿನ ಗುಣಗಳೆಲ್ಲ ಆ ಕ್ರಮದಿಂದಲೇ ಬಂದಿವೆ ಎಂಬುದು ನನ್ನ ಅಭಿಪ್ರಾಯ.

ಮೊದಲನೆಯದು ತೋಟವನ್ನು ಸುತ್ತಿ ಬರುವ ಸುಮಾರು ಐದು ಕಿಲೋಮೀಟರಿನ ಸಮತಟ್ಟಾದ ದಾರಿ. ಹೊಸಬರಿಗೂ ಮಕ್ಕಳಿಗೂ ಅದು ಒಳ್ಳೆಯದು, ಅದರ ಬಗ್ಗೆ ಹೆಚ್ಚು ಹೇಳುವುದಕ್ಕೇನೂ ಇಲ್ಲ.

ಎರಡನೆಯದು ಹನ್ನೊಂದು ಕಿಲೋಮೀಟರಿನ ಆಸುಪಾಸಿನದು. ಅದೊಂದಕ್ಕಾಗಿಯೇ ಇಲ್ಲಿಗೆ ಬರಬಹುದು. ಪಂಪ್‌ಸೆಟ್ ಮನೆಯ ಮುಂದಿನಿಂದ ಹೊರಟರೆ ಮೊದಲ ಭಾಗ ಎರೆ ಭೂಮಿಯ ಬದುವಿನ ಮೇಲೆ ಸಾಗುತ್ತದೆ. ಒಣಗಿದಾಗ ಈ ಮಣ್ಣು ಕಾಲಿಗೆ ಮೆತ್ತಗೆ ಒದಗುತ್ತದೆ, ಮಳೆ ಬಿದ್ದ ಮಾರನೆಯ ದಿನ ಮಾತ್ರ ಶೂ ತಳಕ್ಕೆ ಹೆಂಟೆಹೆಂಟೆಯಾಗಿ ಅಂಟಿಕೊಂಡು ಹೆಜ್ಜೆ ಎತ್ತುವುದೇ ಕಷ್ಟವಾಗುತ್ತದೆ. ಅಲ್ಲಿಂದ ಮುಂದೆ ದಾರಿಯು ಸಾಲಿನ ತುದಿಗಳನ್ನು ಹಾಯ್ದು ಮಸಾರಿ ನೆಲಕ್ಕೆ ಏರುತ್ತದೆ. ಚಪ್ಪರದ ಭಾರವನ್ನು ಹೊರುವುದಕ್ಕಾಗಿ ಪ್ರತಿ ಸಾಲಿನ ಕೊನೆಯಲ್ಲಿ ಕಬ್ಬಿಣದ ಕಂಬವನ್ನು ಹೊರಕ್ಕೆ ವಾಲಿಸಿ, ಅದರ ನೆತ್ತಿಯಿಂದ ನೆಲದಲ್ಲಿ ಹೂತ ಕಲ್ಲಿಗೆ ತಂತಿಯನ್ನು ಬಿಗಿದಿರುತ್ತಾರೆ. ನಸುಕಿನ ಬೆಳಕಿನಲ್ಲಿ ಈ ಓರೆ ತಂತಿ ಕಣ್ಣಿಗೆ ಬೀಳುವುದಿಲ್ಲ, ವೇಗವಾಗಿ ಬಂದವರ ಮೊಣಕಾಲಿಗೋ ಎದೆಗೋ ಬಡಿಯುವಂತಿರುತ್ತದೆ. ಮನೆಯ ಹೆಣ್ಣುಮಕ್ಕಳು ಹಳೆಯ ಬಿಳಿ ಸೀರೆಯನ್ನು ಪಟ್ಟಿಪಟ್ಟಿಯಾಗಿ ಹರಿದು, ದಾರಿಗೆ ತಾಗುವ ಒಂದೊಂದು ತಂತಿಗೂ ಮೂರು ಎತ್ತರಗಳಲ್ಲಿ ಕಟ್ಟಿದ್ದಾರೆ. ತಲೆದೀಪದ ಬೆಳಕು ಅವುಗಳ ಮೇಲೆ ಬಿದ್ದಾಗ ಸಾಲು ಎಲ್ಲಿ ಮುಗಿಯುತ್ತದೆ, ದಾರಿ ಎಲ್ಲಿ ತಿರುಗುತ್ತದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ದುಡ್ಡು ಸುರಿದು ನಡೆಸುವ ಓಟದ ಸ್ಪರ್ಧೆಗಳಲ್ಲಿಯೂ ಇಷ್ಟು ಎಚ್ಚರವನ್ನು ನಾನು ಕಂಡದ್ದು ಕಡಿಮೆ.

ಒಂದೇ ಒಂದು ಕಡೆ ದಾರಿ ಚಪ್ಪರದ ಅಡಿಯಲ್ಲಿಯೇ ಹೋಗುತ್ತದೆ, ಅಲ್ಲಿ ನಡೆದೇ ಹೋಗಬೇಕೆಂಬುದು ನಿಯಮ. ಡ್ರಿಪ್ ಪೈಪು ಕಾಲಿಗೆ ತೊಡರುವ ಭಯ ಒಂದು ಕಾರಣವಾದರೆ, ಗೊನೆಗಳಿಗೆ ಭುಜ ತಾಗಬಾರದೆಂಬುದು ಇನ್ನೊಂದು. ದ್ರಾಕ್ಷಿ ಹಣ್ಣಿನ ಮೇಲೆ ಬೂದಿಯಂತೆ ಕಾಣುವ ತೆಳುವಾದ ಮೇಣದ ಪೊರೆಯಿರುತ್ತದೆ. ಕೈ ತಾಗಿ ಅದು ಅಳಿಸಿದರೆ ಹಣ್ಣಿನ ಕಳೆ ಹೋಗಿ ಬೆಲೆಯೂ ಇಳಿಯುತ್ತದೆ. ಇದನ್ನು ತಿಳಿದ ಮೇಲೆ ಆ ನಿಯಮ ಯಾರಿಗೂ ಹೊರೆಯೆನಿಸಲಾರದು.

ತೋಟ ದಾಟಿದ ಬಳಿಕ ಗರಸಿನ ಬಂಡಿದಾರಿ ಗುಡ್ಡವನ್ನು ಹತ್ತುತ್ತದೆ. ಏರು ಒಂದೇ ಸಮನಾಗಿಲ್ಲ: ಮೊದಲು ಉದ್ದನೆಯ, ನಿಧಾನವಾದ ದಿನ್ನೆ, ಆಮೇಲೆ ಕಲ್ಲು ಎದ್ದ ಎರಡು ಚಿಕ್ಕ, ಕಡಿದಾದ ಮೆಟ್ಟಿಲುಗಳಂಥ ಏರುಗಳು. ಅಲ್ಲಿ ಓಡುವುದಕ್ಕಿಂತ ಕೈಗಳನ್ನು ತೊಡೆಯ ಮೇಲೆ ಊರಿ ನಡೆಯುವುದೇ ಜಾಣತನ, ಉಳಿಸಿಕೊಂಡ ಉಸಿರು ನೆತ್ತಿಯ ಮೇಲಿನ ಬಯಲಿನಲ್ಲಿ ಉಪಯೋಗಕ್ಕೆ ಬರುತ್ತದೆ. ನೆತ್ತಿಯಿಂದ ಒಂದು ದಿಕ್ಕಿಗೆ ಗಾಳಿ ಫ್ಯಾನುಗಳ ಸಾಲು, ಇನ್ನೊಂದು ದಿಕ್ಕಿಗೆ ಸಜ್ಜೆ, ತೊಗರಿಯ ಹೊಲಗಳ ನಡುವೆ ಹಸಿರು ಚೌಕಗಳಾಗಿ ದ್ರಾಕ್ಷಿ ಮತ್ತು ದಾಳಿಂಬೆ ತೋಟಗಳು ಕಾಣುತ್ತವೆ. ಇಳಿಜಾರಿನಲ್ಲಿ ಗರಸು ಜಾರುವುದರಿಂದ ಹೆಜ್ಜೆಗಳನ್ನು ಚಿಕ್ಕದಾಗಿಸಿ, ಮೊಣಕಾಲನ್ನು ಸ್ವಲ್ಪ ಬಾಗಿಸಿಯೇ ಇಳಿಯಬೇಕು. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಭಾರವನ್ನು ತಡೆಯಬೇಕಾಗುವುದರಿಂದ ಮರುದಿನದ ನೋವು ಬಹುಪಾಲು ಇಲ್ಲಿಂದಲೇ ಹುಟ್ಟುತ್ತದೆ.

ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚಿಕೊಂಡದ್ದು ಪಂಪ್‌ಸೆಟ್ ಮನೆಯ ಗೋಡೆಗೆ ತೂಗುಹಾಕಿರುವ ಕರಿಹಲಗೆ. ಆ ದಿನ ಯಾವ ಪ್ಲಾಟಿಗೆ ಔಷಧ ಹೊಡೆಯುತ್ತಾರೆ, ಹಿಂದಿನ ದಿನ ಎಲ್ಲಿ ಹೊಡೆದಿದ್ದಾರೆ, ಯಾವ ದಾರಿ ಮುಚ್ಚಿದೆ ಎಂಬುದನ್ನು ಅದರ ಮೇಲೆ ಸುಣ್ಣದ ಕಡ್ಡಿಯಿಂದ ಬರೆದಿರುತ್ತಾರೆ. ನಮ್ಮ ಕಡೆ ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ: ಒಂದು ಏಪ್ರಿಲ್ ಸುಮಾರಿಗೆ, ಇನ್ನೊಂದು ಅಕ್ಟೋಬರ್ ಸುಮಾರಿಗೆ. ಹಣ್ಣು ಕೊಡುವುದು ಅಕ್ಟೋಬರ್ ಚಾಟ್ನಿಯ ಚಿಗುರಾದ್ದರಿಂದ, ಆ ನಂತರದ ವಾರಗಳಲ್ಲಿ ಮಂಜು, ಮೋಡ ಕವಿದರೆ ಎಲೆಗೆ ಬೂಷ್ಟು ಹಿಡಿಯುವ ಡೌನಿ ರೋಗದ ಭಯಕ್ಕೆ ರೈತರು ಮೇಲಿಂದ ಮೇಲೆ ಸಿಂಪಡಿಸಬೇಕಾಗುತ್ತದೆ. ಈ ರೋಗಕ್ಕೆ ಮದ್ದಾಗಿ ಮೈಲುತುತ್ತ ಮತ್ತು ಸುಣ್ಣ ಕೂಡಿಸಿ ಮಾಡುವ ಬೋರ್ಡೋ ದ್ರಾವಣವನ್ನು 1885ರಲ್ಲಿ ಮಿಲಾರ್ದೆ ಎಂಬ ವಿಜ್ಞಾನಿ ಪ್ರಕಟಿಸಿದ್ದು ಮೇಲೆ ಹೇಳಿದ ಮೆಡಾಕ್ ತೋಟಗಳಲ್ಲಿ ಕಂಡದ್ದರ ಆಧಾರದ ಮೇಲೆಯೇ. ಇಂದು ಅದರ ಜೊತೆಗೆ ಇನ್ನೂ ತೀಕ್ಷ್ಣವಾದ ಔಷಧಗಳೂ ಬಳಕೆಯಲ್ಲಿರುವುದರಿಂದ, ದೀರ್ಘವಾಗಿ ಉಸಿರೆಳೆಯುತ್ತ ಓಡುವವನು ಹೊಸದಾಗಿ ಔಷಧ ಬಿದ್ದ ಸಾಲುಗಳ ಹತ್ತಿರಕ್ಕೂ ಹೋಗಬಾರದು. ಒಂದು ಬೆಳಿಗ್ಗೆ ನಾನು ಎರಡನೆಯ ದಾರಿಗೆ ಸಿದ್ಧನಾಗಿ ನಿಂತಿದ್ದಾಗ ಮನೆಯ ಹಿರಿಯ ಮಗ ಬ್ಲೋವರ್ ಟ್ರ್ಯಾಕ್ಟರ್ ನಿಲ್ಲಿಸಿ, “ಅಣ್ಣಾರ, ಇವತ್ತ ಕೆಳಗಿನ ಪ್ಲಾಟಿಗೆ ಎಣ್ಣಿ ಹೊಡ್ಯಾಕ ಹತ್ತೀವಿ, ನೀವು ಹಳ್ಳದ ಕಡಿಂದ ಗುಡ್ಡ ಹತ್ರಿ” ಎಂದು ಹೇಳಿ, ತಾನೇ ಅರ್ಧ ಫರ್ಲಾಂಗು ಬಂದು ಬದಲಿ ದಾರಿ ತೋರಿಸಿದರು.

ಮೂರನೆಯ ದಾರಿ ಹದಿನೆಂಟು ಕಿಲೋಮೀಟರಿನಷ್ಟಿದ್ದು, ಗುಡ್ಡದ ಆಚೆ ಬದಿಗೆ ಇಳಿದು ಹಳ್ಳದ ಗುಂಟ ಹಿಂತಿರುಗುತ್ತದೆ. ಇದನ್ನು ಸದ್ಯಕ್ಕೆ ಶಿಫಾರಸು ಮಾಡಲಾರೆ. ಅರ್ಧದಾರಿಯ ನಂತರ ಕಲ್ಲುಗಳ ಮೇಲಿನ ಬಣ್ಣದ ಗುರುತು ಮಾಸಿಹೋಗಿದೆ, ಕುರಿ ಹಾದಿಗಳು ಕವಲೊಡೆಯುವಲ್ಲಿ ಯಾವುದು ನಮ್ಮದೆಂದು ತಿಳಿಯುವುದಿಲ್ಲ, ಆ ತಗ್ಗಿನಲ್ಲಿ ಮೊಬೈಲ್ ಸಿಗ್ನಲ್ಲೂ ಇಲ್ಲ. ಹಳ್ಳದ ದಂಡೆಯನ್ನು ಬಳ್ಳಾರಿ ಜಾಲಿ ಆವರಿಸಿಕೊಂಡಿದೆ. ಅದರ ಮುಳ್ಳು ತೆಳುವಾದ ರಸ್ತೆ ಶೂಗಳ ತಳವನ್ನು ಸಲೀಸಾಗಿ ತೂರಿ ಬರುತ್ತದೆ, ಗಟ್ಟಿ ತಳದ ಟ್ರೇಲ್ ಶೂ ಇಲ್ಲದೆ ಆ ಕಡೆ ಕಾಲಿಡಬಾರದು. ದಾರಿಯುದ್ದಕ್ಕೂ ನೀರಿನ ವ್ಯವಸ್ಥೆಯಿಲ್ಲ. ಬಿಸಿಲು ನಲವತ್ತು ಡಿಗ್ರಿ ದಾಟುವ ಸೀಮೆಯಲ್ಲಿ ಇದು ಸಣ್ಣ ಕೊರತೆಯಲ್ಲ. ಮನೆಯವರು ಗುಡ್ಡದ ಆಚೆ ಒಂದು ಕೊಡ ನೀರನ್ನಾದರೂ ಇಡಿಸಿ, ಗುರುತುಗಳನ್ನು ಹೊಸದಾಗಿ ಬಳಿಯಬೇಕು. ಇದನ್ನು ಅವರಿಗೆ ನೇರವಾಗಿಯೂ ಹೇಳಿದ್ದೇನೆ.

ಹೊರಡುವ ಮುನ್ನ ಪ್ರತಿಯೊಬ್ಬರಿಗೂ ಒಂದು ಹಿಡಿ ಮಣೂಕ ಕೊಡುತ್ತಾರೆ. ಇದು ಬರೀ ಉಪಚಾರವಲ್ಲ. ಒಣದ್ರಾಕ್ಷಿಯ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಶರ್ಕರಪಿಷ್ಟವೇ ಇರುವುದರಿಂದ, ನಲವತ್ತು ಗ್ರಾಂ ತಿಂದರೆ ಒಂದು ಗಂಟೆಯ ಓಟಕ್ಕೆ ಸಾಲುವ ಮೂವತ್ತು ಗ್ರಾಂನಷ್ಟು ಶಕ್ತಿಯ ಮೂಲ ಒದಗುತ್ತದೆ. ದುಬಾರಿ ಜೆಲ್ ಪೊಟ್ಟಣಗಳು ಇಲ್ಲಿ ಬೇಕಾಗಿಲ್ಲ, ಒಂದೆರಡು ಗುಟುಕು ನೀರು ಜೊತೆಗಿದ್ದರೆ ಸಾಕು. ಓಟದ ನಂತರ ವಗ್ಗರಣೆ, ಬಿಸಿ ಮಿರ್ಚಿ, ಉಪ್ಪು ಹಾಕಿದ ಮಜ್ಜಿಗೆ ಬರುತ್ತವೆ. ಮಿರ್ಚಿಯನ್ನು ಎರಡಕ್ಕೆ ನಿಲ್ಲಿಸುವುದು ಕಷ್ಟ, ಮಜ್ಜಿಗೆಯನ್ನಂತೂ ನಿಲ್ಲಿಸಬೇಕಾಗಿಲ್ಲ. ತಂಗದೆ ಬರೀ ಓಟ ಮತ್ತು ನಾಷ್ಟಾಕ್ಕೆ ತಲೆಗೆ ಇನ್ನೂರು ರೂಪಾಯಿ. ಅಷ್ಟು ಕೊಡಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಡಿಸೆಂಬರ್‌ನಿಂದ ಫೆಬ್ರುವರಿ ಮಧ್ಯದವರೆಗಿನ ಕಾಲವೇ ಓಡುವುದಕ್ಕೆ ಉತ್ತಮ. ಕಟಾವು ಶುರುವಾದ ಮೇಲೆ ಕ್ರೇಟು ಹೊತ್ತ ಗಾಡಿಗಳು ಬದುವಿನ ಮೇಲೆಯೇ ಓಡಾಡುವುದರಿಂದ ಮೊದಲ ಎರಡು ದಾರಿಗಳ ಕೆಳಭಾಗವನ್ನು ಮುಚ್ಚುತ್ತಾರೆ. ಆಗ ಹೋಗುವವರು ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಂಡು, ಬೆಳಕು ಹರಿಯುವ ಮೊದಲೇ ಗುಡ್ಡದ ಕಡೆಯ ದಾರಿ ಹಿಡಿಯುವುದು ಒಳಿತು.