ಡಿಸಿ ಅಬ್ಸೊಲ್ಯೂಟ್ ಕಾಮಿಕ್ಸ್: ತಿಂಗಳು ತಿಂಗಳು ಕೊಂಡು ಓದಿದವನ ಅಭಿಪ್ರಾಯ

ಒಂದು ಸಂಚಿಕೆಗೆ 4.99 ಡಾಲರ್. ಒಳಗೆ ಕತೆಯ ಪುಟಗಳು ಇಪ್ಪತ್ತು ಚಿಲ್ಲರೆ. ಬೇಗ ಓದುವವರಿಗೆ ಹತ್ತು ನಿಮಿಷ ಸಾಕು, ಚಹಾ ಆರುವ ಮೊದಲೇ ಮುಗಿದುಹೋಗುತ್ತದೆ. ದುಡ್ಡಿನ ಲೆಕ್ಕ ಹಾಕಿದರೆ ಇಷ್ಟು ನಷ್ಟದ ಹವ್ಯಾಸ ಇನ್ನೊಂದಿಲ್ಲ. ಆದರೂ 2024ರ ಅಕ್ಟೋಬರಿನಿಂದ ಅಮೆರಿಕದ ಕಾಮಿಕ್ಸ್ ಕಂಪನಿ ಡಿಸಿಯ ಅಬ್ಸೊಲ್ಯೂಟ್ ಸರಣಿಗಳನ್ನು ನಾನು ಕಾಗದದಲ್ಲೇ, ಬಿಡಿ ಸಂಚಿಕೆಗಳಾಗಿಯೇ ಕೊಳ್ಳುತ್ತಾ ಬಂದಿದ್ದೇನೆ. ತಿಂಗಳಿಗೆ ಇಪ್ಪತ್ತೈದು ಡಾಲರ್ ದಾಟಬಾರದು ಎಂದು ನಾನೇ ಹಾಕಿಕೊಂಡ ಗೆರೆ ಒಂದಿದೆ. ಆ ಗೆರೆಯೊಳಗೆ ಯಾವುದು ಉಳಿಯಿತು, ಯಾವುದು ಹೊರಗೆ ಬಿತ್ತು ಅನ್ನುವುದನ್ನು ಹೇಳಬೇಕು ಅನಿಸಿತು.

ಇದು ಏನು ಎತ್ತ ಅಂತ ಗೊತ್ತಿಲ್ಲದವರಿಗೆ ಎರಡೇ ಮಾತು. ಡಾರ್ಕ್‌ಸೈಡ್ ಎಂಬ ಖಳನ ಶಕ್ತಿಯಿಂದ ಹುಟ್ಟಿದ ಬೇರೆಯೇ ಜಗತ್ತು. ಅಲ್ಲಿ ಬ್ಯಾಟ್‌ಮ್ಯಾನ್‌ಗೆ ದುಡ್ಡಿಲ್ಲ, ವಂಡರ್ ವುಮನ್‌ಗೆ ಅವಳ ದ್ವೀಪವಿಲ್ಲ, ಸೂಪರ್‌ಮ್ಯಾನ್‌ಗೆ ಸಾಕು ತಂದೆತಾಯಿ ಕೆಂಟ್ ದಂಪತಿಯ ಮನೆಯಲ್ಲಿ ಬೆಳೆದ ಬಾಲ್ಯವಿಲ್ಲ. ಹಳೆಯ ಕತೆಗಳನ್ನು ಅರೆದು ಕುಡಿದಿರಬೇಕಾದ ಅಗತ್ಯವೂ ಇಲ್ಲ. ಬಾಲಮಂಗಳದ ಡಿಂಗನನ್ನು ಬಿಟ್ಟರೆ ಬೇರೆ ಸೂಪರ್‌ಹೀರೋ ಗೊತ್ತಿಲ್ಲ ಅನ್ನುವವರೂ ಸೀದಾ ಮೊದಲ ಸಂಚಿಕೆ ಹಿಡಿದು ಕೂರಬಹುದು.

ಇಲ್ಲಿ ನ್ಯೂಜೆರ್ಸಿಯಲ್ಲಿ ಹೊಸ ಕಾಮಿಕ್ಸ್ ಬರುವ ದಿನ ಬುಧವಾರ. ಕೋವಿಡ್ ಕಾಲದಲ್ಲಿ ಡಿಸಿ ತನ್ನ ಪುಸ್ತಕಗಳನ್ನು ಮಂಗಳವಾರಕ್ಕೆ ಎಳೆದುಕೊಂಡು ಹೋಗಿತ್ತು, 2024ರ ಜುಲೈನಲ್ಲಿ ಮತ್ತೆ ಬುಧವಾರಕ್ಕೇ ಬಂತು. ಅಂಗಡಿಯಲ್ಲಿ ನಮ್ಮ ಹೆಸರಿನಲ್ಲೊಂದು ಪುಲ್ ಲಿಸ್ಟ್ ಇರುತ್ತದೆ, ಬೇಕಾದ ಸರಣಿಗಳನ್ನು ಬರೆಸಿಟ್ಟರೆ ಬಂದ ಕೂಡಲೇ ಎತ್ತಿಡುತ್ತಾರೆ. ಆಫೀಸು ಮುಗಿಸಿ ಹೋಗಿ, ಕಟ್ಟು ತಂದು, ಕೈತೊಳೆದು, ಒರೆಸಿಕೊಂಡೇ ಮುಟ್ಟುವುದು. ಪ್ಲಾಸ್ಟಿಕ್ ಚೀಲದ ಟೇಪನ್ನು ಮೊದಲು ಪೂರ್ತಿ ಕಿತ್ತು ಮೇಜಿನ ಅಂಚಿಗೆ ಅಂಟಿಸುತ್ತೇನೆ. ಇಲ್ಲದಿದ್ದರೆ ಪುಸ್ತಕ ಹೊರಗೆಳೆಯುವಾಗ ಅದು ಮುಖಪುಟಕ್ಕೆ ಹಿಡಿದುಕೊಂಡು ಬಣ್ಣವನ್ನೇ ಎಬ್ಬಿಸುತ್ತದೆ. ಒಳಗಿರುವ ಬಿಳಿ ರಟ್ಟಿಗೆ ಒಂದು ಬದಿ ನುಣುಪು, ಒಂದು ಬದಿ ಒರಟು. ನುಣುಪು ಬದಿ ಪುಸ್ತಕದ ಕಡೆಗೆ ಇರಬೇಕು. ಮೊದಲ ಸಲ ಮಾತು ಓದದೆ ಚಿತ್ರವನ್ನಷ್ಟೇ ನೋಡಿಕೊಂಡು ಹೋಗುತ್ತೇನೆ, ಎರಡನೇ ಸಲ ಮಾತಿನ ಜೊತೆ. ಹತ್ತು ನಿಮಿಷದ್ದು ಹೀಗೆ ಮುಕ್ಕಾಲು ಗಂಟೆಯಾಗುತ್ತದೆ. ಮನೆಯವಳ ಪ್ರಕಾರ ಇದು ಮಡಿ ಮಾಡುವುದಕ್ಕಿಂತ ಒಂದು ಕೈ ಹೆಚ್ಚು.

'ಅಬ್ಸೊಲ್ಯೂಟ್ ಬ್ಯಾಟ್‌ಮ್ಯಾನ್' ಶುರುವಿನಲ್ಲಿ ಹಿಡಿಸಿದ್ದು ಹೇಳಲಿಕ್ಕೆ ಸಾಧ್ಯವಿಲ್ಲದಷ್ಟು. ಸ್ಕಾಟ್ ಸ್ನೈಡರ್ ಬರವಣಿಗೆ, ನಿಕ್ ಡ್ರಗೊಟ್ಟಾ ಚಿತ್ರ. ಬ್ಯಾಟ್‌ಮ್ಯಾನ್ ಆಗುವ ಈ ಬ್ರೂಸ್ ವೇಯ್ನ್ ಬಂಗಲೆಯವನಲ್ಲ, ನಗರದ ಕಾಮಗಾರಿ ನೋಡಿಕೊಳ್ಳುವ ಸಿವಿಲ್ ಎಂಜಿನಿಯರ್. ಅಪ್ಪ ಶಾಲಾ ಮೇಷ್ಟ್ರು, ಮಕ್ಕಳನ್ನು ಮೃಗಾಲಯಕ್ಕೆ ಕರೆದುಕೊಂಡು ಹೋದಾಗ ಗುಂಡೇಟಿಗೆ ಸತ್ತವನು. ಅಮ್ಮ ಬದುಕಿದ್ದಾಳೆ. ಆ ಒಂದೇ ಬದಲಾವಣೆಯಿಂದ ಕತೆಗೆ ಏನೆಲ್ಲ ಬಂತು ನೋಡಿ: ರಾತ್ರಿ ಹೊರಗೆ ಹೋದವನು ಬೆಳಗ್ಗೆ ಯಾರಿಗೋ ಮುಖ ತೋರಿಸಬೇಕು. ಪೆಂಗ್ವಿನ್, ರಿಡ್ಲರ್, ಟೂ ಫೇಸ್ ಅಂತ ನಾವು ಖಳರಾಗಿ ಕಂಡವರೆಲ್ಲ ಇಲ್ಲಿ ಅವನ ಬಾಲ್ಯದ ಗೆಳೆಯರು, ಒಂದೇ ಬೀದಿಯಲ್ಲಿ ಆಡಿ ಬೆಳೆದವರು. ಆಲ್‌ಫ್ರೆಡ್ ಹಳೆಯ ಕತೆಗಳ ಹಾಗೆ ಇವನ ಮನೆಯ ಬಟ್ಲರ್ ಅಲ್ಲ, ಇವನ ಮೇಲೆ ಕಣ್ಣಿಡಲು ಬಂದ ಗೂಢಚಾರ.

ಡ್ರಗೊಟ್ಟಾ ಬರೆದ ಆ ಆಕಾರವಂತೂ! ಪುಟದಲ್ಲಿ ಸಣ್ಣ ಸಣ್ಣ ಚೌಕಗಳು ಒತ್ತೊತ್ತಾಗಿ ಬರುತ್ತಾ ಇರುತ್ತವೆ, ಯಾರದೋ ಕಣ್ಣು, ಯಾರದೋ ಬೆರಳು, ಬಂದೂಕಿನ ಕುದುರೆ. ಹಾಳೆ ಮಗುಚಿದರೆ ಪುಟ ತುಂಬ ಅವನೊಬ್ಬನೇ, ಅರ್ಧರಾತ್ರಿ ಕಳೆದ ಮೇಲೆ ರಂಗಸ್ಥಳಕ್ಕೆ ಬಣ್ಣದ ವೇಷ ನುಗ್ಗಿದ ಹಾಗೆ. ಎದೆಯ ಮೇಲಿನ ಬಾವಲಿ ಗುರುತನ್ನೇ ಕಿತ್ತು ಕೊಡಲಿ ಮಾಡಿಕೊಳ್ಳುತ್ತಾನೆ. ಇದೆಲ್ಲ ಹಾಳೆ ಮಗುಚುವ ಕೈಯನ್ನು ಲೆಕ್ಕಕ್ಕಿಟ್ಟುಕೊಂಡು ಬರೆದದ್ದು. ಫೋನಿನಲ್ಲಿ ಒಂದೊಂದೇ ಚೌಕವನ್ನು ದೊಡ್ಡದು ಮಾಡಿ ತೋರಿಸುವ ವ್ಯವಸ್ಥೆಯಲ್ಲಿ ಓದಿದರೆ ಚೌಕ ಸಣ್ಣದೋ ದೊಡ್ಡದೋ ಎಲ್ಲ ಒಂದೇ ಅಳತೆ, ಮಜಾ ಅಲ್ಲೇ ಹೋಯಿತು.

ಇಷ್ಟು ಹೊಗಳಿದ ಮೇಲೆ ಬೈಯುವುದೂ ಇದನ್ನೇ. ಮೊದಲ ಆರು ಸಂಚಿಕೆಗಳ 'ದ ಝೂ' ಭಾಗ ಚೊಕ್ಕ. ಆಮೇಲೆ ಮಿಸ್ಟರ್ ಫ್ರೀಜ್ ಬಂದು ಹೋಗುವ ಎರಡು ಸಂಚಿಕೆಗಳು ಇನ್ನೂ ಚೆನ್ನ. ಚಿತ್ರ ಮಾರ್ಕೋಸ್ ಮಾರ್ಟಿನ್ ಅವರದು, ಚಳಿ ಹಿಡಿಯುತ್ತದೆ. ಅನಂತರ ಬಂದ ಬೇನ್ ಎಂಬ ಖಳ. ತಿಂಗಳುಗಟ್ಟಲೆ ಅದೇ: ಹೊಡೆತ, ಮುರಿತ, ರಕ್ತ, ದೈತ್ಯನಿಗಿಂತ ದೈತ್ಯ. ಆ ಬಾಲ್ಯದ ಗೆಳೆಯರಲ್ಲೊಬ್ಬನಾದ ವೇಲನ್ ಜೋನ್ಸ್‌ಗೆ ಅಲ್ಲಿ ಆಗುವ ಗತಿ ನೋಡಿ ಪುಸ್ತಕ ಮುಚ್ಚಿಟ್ಟೆ. ಗೆಳೆಯರನ್ನು ಅಷ್ಟು ಪ್ರೀತಿಯಿಂದ ಕಟ್ಟಿಕೊಟ್ಟು ಆಮೇಲೆ ಒಬ್ಬೊಬ್ಬರನ್ನೇ ಹೀಗೆ ಜಜ್ಜುವುದು ಧೈರ್ಯ ಅಂತ ಹೇಳುವವರಿದ್ದಾರೆ, ನನಗೆ ಮಾತ್ರ ಬರಬರುತ್ತಾ ಜಡ್ಡುಗಟ್ಟಿತು. ಒಟ್ಟಿಗೆ ಕೂತು ಓದಿದವರಿಗೆ ಅಷ್ಟು ಅನಿಸಲಿಕ್ಕಿಲ್ಲ. ತಿಂಗಳಿಗೊಮ್ಮೆ ಐದು ಡಾಲರ್ ಕೊಟ್ಟು ಕಾದವನಿಗೆ ಅನಿಸುತ್ತದೆ.

ಮತ್ತೆ ಆ ವೇರಿಯಂಟ್ ಕವರ್‌ಗಳ ಉಪದ್ರ. ಒಳಗಿನ ಕತೆ ಒಂದೇ, ಅದಕ್ಕೆ ಹೊರಗೆ ನಾಲ್ಕಾರು ಬೇರೆ ಬೇರೆ ಮುಖಪುಟ. ದಪ್ಪ ಕಾಗದದ ಮುಖಪುಟವಾದರೆ ಇನ್ನೂ ಒಂದು ಡಾಲರ್ ಜಾಸ್ತಿ. ಅಂಗಡಿಯವರು ಇಂತಿಷ್ಟು ಪ್ರತಿ ತರಿಸಿದರೆ ಮಾತ್ರ ಸಿಗುವ ಅಪರೂಪದ್ದು ಬೇರೆ ಇರುತ್ತದೆ, ಅದಕ್ಕೆ ಹೇಳಿದ್ದೇ ಬೆಲೆ. 'ಅಬ್ಸೊಲ್ಯೂಟ್ ಬ್ಯಾಟ್‌ಮ್ಯಾನ್'ನ ಮೊದಲ ಸಂಚಿಕೆ 2024ರಲ್ಲಿ ಅತಿ ಹೆಚ್ಚು ಮಾರಾಟವಾದ ಕಾಮಿಕ್ಸ್, ಮತ್ತೆ ಮತ್ತೆ ಅಚ್ಚು ಹಾಕಿಸಿದರು. ಅದರ ಬೆನ್ನಿಗೇ ಬಂದರು ಓದದೆ ಕೊಳ್ಳುವ ಜನ. ಬಾಗಿಲು ತೆರೆಯುವ ಮೊದಲೇ ಅಂಗಡಿ ಮುಂದೆ ನಿಂತು, ಮೊದಲ ಮುದ್ರಣದ ಪ್ರತಿಗಳನ್ನು ರಾಶಿ ಎತ್ತಿಕೊಂಡು, ಸಂಜೆಯೊಳಗೆ ಆನ್‌ಲೈನಿನಲ್ಲಿ ದುಪ್ಪಟ್ಟು ಬೆಲೆಗೆ ಹಾಕುವವರು. ಒಮ್ಮೆ ಪುಲ್ ಲಿಸ್ಟಿನಲ್ಲಿದ್ದ ನನ್ನ ಪ್ರತಿಯೇ ಬೇರೆ ಯಾರ ಕೈಗೋ ಹೋಗಿತ್ತು. ಅಂಗಡಿಯ ಹುಡುಗ ತಲೆ ಕೆರೆದುಕೊಂಡು "ಎರಡನೇ ಮುದ್ರಣ ಬಂದಾಗ ಕೊಡ್ತೇನೆ" ಅಂದ. ನನಗೆ ಓದಲಿಕ್ಕೆ ಯಾವ ಮುದ್ರಣವಾದರೂ ಆದೀತು, ಆದರೆ ನಡುವಿನ ಒಂದು ಸಂಚಿಕೆ ಇಲ್ಲದೆ ಮುಂದಿನದ್ದನ್ನು ಕೈಯಲ್ಲಿ ಹಿಡಿದು ಕೂರುವ ಕಷ್ಟ ಕಾದವನಿಗೇ ಗೊತ್ತು. ಅಂಗಡಿ ಬದಲಾಯಿಸಿದೆ.

'ಅಬ್ಸೊಲ್ಯೂಟ್ ಸೂಪರ್‌ಮ್ಯಾನ್' ಬಗ್ಗೆ ಗೊಂದಲ ಇನ್ನೂ ಇದೆ. ಜೇಸನ್ ಆ್ಯರನ್ ತಂದ ವಿಚಾರ ದೊಡ್ಡದು: ಎದೆಯ ಮೇಲಿನ ಆ ಪ್ರಸಿದ್ಧ ಗುರುತು ಅವನು ಹುಟ್ಟಿದ ಕ್ರಿಪ್ಟಾನ್‌ನಲ್ಲಿ ದುಡಿಯುವ ವರ್ಗದವರಿಗೆ ಹೊಡೆದ ಮುದ್ರೆ. ಮೇಲಿನವರು, ಕೆಳಗಿನವರು, ಯಾರು ಏನು ಕೆಲಸ ಮಾಡಬೇಕು ಅಂತ ಹುಟ್ಟಿನಿಂದಲೇ ತೀರ್ಮಾನವಾದ ಗ್ರಹ. ಅದನ್ನು ಓದುವಾಗ ನಮ್ಮ ಕಡೆಯವರಿಗೆ ವಿವರಣೆಯೇ ಬೇಕಾಗುವುದಿಲ್ಲ. ರಾಫಾ ಸಂಡೋವಲ್ ಚಿತ್ರವೂ ಲಾಯಕ್ಕಿದೆ. ಆದರೆ ಕತೆ ಕ್ರಿಪ್ಟಾನ್‌ಗೂ ಭೂಮಿಗೂ ಹಾರುತ್ತಾ ಇರುವುದರಿಂದ, ತಿಂಗಳ ನಂತರ ಹೊಸದು ಕೈಗೆ ಬಂದಾಗ ಹಿಂದಿನದ್ದು ಎಲ್ಲಿ ನಿಂತಿತ್ತು ಅಂತ ಪೆಟ್ಟಿಗೆಯಿಂದ ತೆಗೆದು ನೋಡಬೇಕು. 'ಗ್ರೀನ್ ಲ್ಯಾಂಟರ್ನ್' ಕೂಡ ಇದೇ ಜಾತಿ, ಒಟ್ಟಿಗೆ ಓದಿದರೆ ರುಚಿ. 'ಫ್ಲ್ಯಾಶ್' ಕೆಟ್ಟದ್ದಲ್ಲ, ನನ್ನ ಇಪ್ಪತ್ತೈದು ಡಾಲರಿನಲ್ಲಿ ಜಾಗ ಸಾಲಲಿಲ್ಲ ಅಷ್ಟೇ.

ಇಷ್ಟಾದ ಮೇಲೂ ಈ ಹವ್ಯಾಸ ಬಿಡದಿರಲು ಕಾರಣ ಎರಡು ಸರಣಿಗಳು.

ಮೊದಲನೆಯದು 'ಅಬ್ಸೊಲ್ಯೂಟ್ ವಂಡರ್ ವುಮನ್'. ಕೆಲ್ಲಿ ಥಾಂಪ್ಸನ್ ಬರೆಯುತ್ತಾರೆ, ಹೇಡನ್ ಶರ್ಮನ್ ಚಿತ್ರ. ಪುತ್ತೂರಿನಿಂದ ಅಮ್ಮ ಬಂದಿದ್ದಾಗ ಸೋಫಾದ ಮೇಲಿದ್ದ ಸಂಚಿಕೆ ಎತ್ತಿಕೊಂಡರು. ರೆಕ್ಕೆಯಿರುವ, ಬರೀ ಮೂಳೆಯ ಕುದುರೆ. ಅದರ ಮೇಲೆ ಅವಳಿಗಿಂತಲೂ ಉದ್ದದ ಕತ್ತಿ ಹಿಡಿದ ಡಯಾನಾ, ಅಂದರೆ ವಂಡರ್ ವುಮನ್. "ಎಂತದಾ ಇದು, ಕುದುರೆಗೆ ಹುಲ್ಲು ಹಾಕುವವರಿಲ್ವಾ?" ಅಂತ ಕೇಳಿದರು. ಅಲ್ಲಿಂದ ಶುರುವಾಯಿತು. ಅವರಿಗೆ ಇಂಗ್ಲಿಷ್ ಓದಲಿಕ್ಕೆ ಬೇಜಾರು, ನಾನು ಪಕ್ಕದಲ್ಲಿ ಕೂತು ಪುಟ ತೋರಿಸಿ ಹೇಳುತ್ತಾ ಹೋದೆ. ಮಗು ಡಯಾನಾಳನ್ನು ಅವಳ ಕುಲದ ಅಮೆಜಾನ್ ಯೋಧೆಯರಿಂದ ತೆಗೆದುಕೊಂಡು ಹೋಗಿ ನರಕದಲ್ಲಿ, ಸರ್ಸಿ ಎಂಬ ಮಾಟಗಾತಿಯ ಮುಂದೆ ಇಟ್ಟು ಹೋಗುತ್ತಾರೆ. ಇವಳಿಗೆ ಮೊದಲು ಮಗು ಬೇಡ. ಆಮೇಲೆ ಬಿಡಲಿಕ್ಕಾಗುವುದಿಲ್ಲ.

"ಕುಂತಿ ಹೆತ್ತದ್ದು, ರಾಧೆ ಸಾಕಿದ್ದು. ಅದೇ ಅಲ್ವಾ?"

"ಇದು ಬಿಟ್ಟದ್ದಲ್ಲಮ್ಮ, ಕಿತ್ಕೊಂಡದ್ದು."

"ಸಾಕಿದವಳಿಗೆ ಅದೆಲ್ಲ ಎಂತದ್ದು?"

ಆ ಪ್ರಶ್ನೆಯ ಮೇಲೆಯೇ ಥಾಂಪ್ಸನ್ ಇಡೀ ಸರಣಿ ಕಟ್ಟಿದ್ದಾರೆ ಅಂತ ನನಗೆ ಆಮೇಲೆ ಹೊಳೆಯಿತು. ಈ ಡಯಾನಾ ನರಕದಲ್ಲಿ ಬೆಳೆದೂ ಕಹಿಯಾಗಿಲ್ಲ. ಭೀಕರ ಪ್ರಾಣಿಯನ್ನು ಕಂಡರೂ ಮೊದಲು ಮಾತಾಡಿಸಿ ನೋಡುತ್ತಾಳೆ, ಕತ್ತಿ ಎತ್ತುವುದು ಆಮೇಲೆ. ಸೈನಿಕ ಸ್ಟೀವ್ ಟ್ರೆವರ್‌ನನ್ನು ನರಕದಿಂದ ಮೇಲೆ ಕಳಿಸಲಿಕ್ಕೆ ತನ್ನ ತೋಳನ್ನೇ ತೆತ್ತಿದ್ದಾಳೆ, ಅದನ್ನು ಯಾರ ಮುಂದೆಯೂ ಹೇಳಿಕೊಂಡು ತಿರುಗುವುದಿಲ್ಲ. ಶರ್ಮನ್ ಪುಟ ಹಂಚುವ ರೀತಿಯೂ ಒಂದು ಸಂಚಿಕೆಯಂತೆ ಇನ್ನೊಂದಿಲ್ಲ; ಚೌಕ ಅನ್ನುವುದು ಕೆಲವೊಮ್ಮೆ ಚೌಕವಾಗಿಯೇ ಇರುವುದಿಲ್ಲ, ವೃತ್ತವಾಗುತ್ತದೆ, ಚೂರಾಗುತ್ತದೆ. ಅಮ್ಮ ಊರಿಗೆ ಹೋದ ಮೇಲೂ ಫೋನ್ ಮಾಡಿದಾಗ "ಆ ಹುಡುಗಿದ್ದು ಬಂತಾ?" ಅಂತ ವಿಚಾರಿಸುತ್ತಾರೆ. ಬ್ಯಾಟ್‌ಮ್ಯಾನ್ ಅವರಿಗೆ ಹಿಡಿಸಲಿಲ್ಲ. ಮೇಷ್ಟ್ರ ಮಗ ಹೀಗೆ ಹೊಡೆದಾಡಿಕೊಂಡು ತಿರುಗುವುದು ಸರಿಯಲ್ಲವಂತೆ.

ಎರಡನೆಯದು, ನಾನು ನಿರೀಕ್ಷೆಯೇ ಇಟ್ಟುಕೊಳ್ಳದೆ ತಂದ 'ಅಬ್ಸೊಲ್ಯೂಟ್ ಮಾರ್ಷಿಯನ್ ಮ್ಯಾನ್‌ಹಂಟರ್'. 2025ರ ಮಾರ್ಚಿನಲ್ಲಿ ಶುರುವಾದದ್ದು; ಡೆನಿಜ್ ಕ್ಯಾಂಪ್ ಕತೆ, ಹಾವಿಯೆರ್ ರೊಡ್ರಿಗೆಸ್ ಚಿತ್ರ. ಜಾನ್ ಜೋನ್ಸ್ ಎಫ್‌ಬಿಐ ಅಧಿಕಾರಿ. ಬಾಂಬ್ ಸ್ಫೋಟದಲ್ಲಿ ಬದುಕಿ ಉಳಿದ ಮೇಲೆ ಅವನ ತಲೆಯೊಳಗೆ ಮಂಗಳ ಗ್ರಹದವನೊಬ್ಬ ಬಂದು ಕೂತಿದ್ದಾನೆ. ಅಂದಿನಿಂದ ಬೇರೆಯವರ ಯೋಚನೆಗಳು ಇವನಿಗೆ ಬಣ್ಣದ ಹೊಗೆಯಾಗಿ ಕಾಣುತ್ತವೆ. ಅದೂ ನೆಟ್ಟಗೆ ಕಾಣುವುದಿಲ್ಲ, ಒಬ್ಬರದ್ದು ಇನ್ನೊಬ್ಬರದ್ದರೊಳಗೆ ಕಲಸಿ ಹೋಗುತ್ತದೆ. ಹೆಂಡತಿಯ ಮನಸ್ಸಿನಲ್ಲಿ ಏನಿದೆ ಅಂತ ಅವನಿಗೆ ಆ ಶಕ್ತಿ ಬಂದ ಮೇಲೂ ಪೂರ್ತಿ ತಿಳಿಯುವುದಿಲ್ಲ. ಹೊಡೆದಾಟ ಇಲ್ಲವೆಂದಲ್ಲ, ಆದರೆ ಕತೆ ಇರುವುದು ಮನೆಯೊಳಗೆ, ಊಟದ ಮೇಜಿನ ಸುತ್ತ.

ಇದರಲ್ಲಿ ಒಂದು ಕಡೆ ಹಾಳೆಯನ್ನು ದೀಪಕ್ಕೆ ಹಿಡಿಯಬೇಕಾಗುತ್ತದೆ. ಹಿಂಬದಿಯಲ್ಲಿ ಅಚ್ಚಾದದ್ದು ಆಗ ಕಾಗದದ ಮೂಲಕ ಮುಂಬದಿಯ ಚಿತ್ರದೊಳಗೆ ಬಂದು ಸೇರುತ್ತದೆ. ನಾನು ಓದುವ ಮೇಜಿನ ದೀಪದ ಕುತ್ತಿಗೆ ಬಗ್ಗಿಸಿ, ಹಾಳೆ ಎತ್ತಿ ಹಿಡಿದೆ. ಸರಿ ಕಾಣಲಿಲ್ಲ. ಸ್ವಲ್ಪ ಹತ್ತಿರ ತಂದೆ. ಕಂಡಿತು! ಜಾನ್‌ಗೆ ಕಾಣುವ ಹಾಗೆ ನನಗೂ ಕಂಡಿತು. ಪಕ್ಕದ ಕೋಣೆಯಿಂದ ಮಗಳನ್ನು ಕೂಗಿ ಕರೆದು ತೋರಿಸಿದೆ. ಅವಳು ಹಾಳೆಯನ್ನು ಮುಂದೆ ಹಿಂದೆ ಮಾಡುತ್ತಾ ಅಲ್ಲೇ ನಿಂತುಬಿಟ್ಟಳು, ಹೋಮ್‌ವರ್ಕ್ ಅಲ್ಲಿಗೆ ಬಿತ್ತು. ಕಾಮಿಕ್ಸ್ ಕಾಗದ ತೆಳು, ಹಿಂದಿನ ಪುಟದ ಶಾಯಿ ಮುಂದೆ ಕಾಣುತ್ತದೆ ಅಂತ ಗೊಣಗಿದ್ದೆ ನಾನು ಎಷ್ಟೋ ಸಲ. ಆ ದೋಷವನ್ನೇ ಹಿಡಿದು ಇವರು ಕತೆ ಹೇಳಿಬಿಟ್ಟಿದ್ದಾರೆ. ಟ್ಯಾಬ್ಲೆಟ್‌ನಲ್ಲಿ ಓದುವ ಗೆಳೆಯನೊಬ್ಬ "ನನಗೂ ಬಂತಲ್ಲ ಆ ಪುಟ" ಅಂದ. ಬಂದಿರಬಹುದು ಮಾರಾಯ, ಅದನ್ನು ಎಲ್ಲಿಗೆ ಹಿಡಿಯುತ್ತಿ? ಈ ಸರಣಿ ಮೊದಲು ಆರೇ ಸಂಚಿಕೆ ಅಂತ ಇತ್ತು, ಆಮೇಲೆ ಹನ್ನೆರಡಕ್ಕೆ ಏರಿಸಿದರು. ನನ್ನ ಮಟ್ಟಿಗೆ ಇಷ್ಟು ದಿನದ ಖರ್ಚನ್ನು ಇದೊಂದೇ ಗಿಟ್ಟಿಸಿಕೊಟ್ಟಿದೆ.

ಈಗಿನ ನನ್ನ ಲಿಸ್ಟ್ ಹೀಗಿದೆ: ವಂಡರ್ ವುಮನ್ ಮತ್ತು ಮಾರ್ಷಿಯನ್ ಮ್ಯಾನ್‌ಹಂಟರ್ ಬಿಡಿ ಸಂಚಿಕೆ, ಮಾಮೂಲಿ ಮುಖಪುಟ. ಬ್ಯಾಟ್‌ಮ್ಯಾನ್ ಮತ್ತು ಸೂಪರ್‌ಮ್ಯಾನ್ ಒಟ್ಟುಸೇರಿಸಿದ ಪುಸ್ತಕವಾಗಿ ಬಂದಾಗ. 'ದ ಝೂ' ಸಂಪುಟದಲ್ಲಿ ಆರು ಸಂಚಿಕೆ ಇದೆ, ಹದಿನೆಂಟು ಡಾಲರ್ ಆಸುಪಾಸು. ಬಿಡಿಯಾಗಿ ಕೊಂಡರೆ ಮೂವತ್ತಕ್ಕೆ ಹೋಗುತ್ತದೆ. ಉಳಿದದ್ದು ಲೈಬ್ರರಿ ಕಾರ್ಡಿನ ಮೇಲೆ ಹೂಪ್ಲಾ ಆ್ಯಪ್‌ನಲ್ಲಿ, ಪುಕ್ಕಟೆ. ಅಮೆರಿಕದಲ್ಲಿರುವವರು ನಿಮ್ಮ ಊರಿನ ಲೈಬ್ರರಿಗೆ ಅದು ಇದೆಯಾ ಕೇಳಿ ನೋಡಿ, ಬಹಳ ಕಡೆ ಇರುತ್ತದೆ. ಸಣ್ಣ ಮಕ್ಕಳ ಕೈಗೆ ಬ್ಯಾಟ್‌ಮ್ಯಾನ್ ಕೊಡಬೇಡಿ, ಗೊಂಬೆ ಅಂಗಡಿಯ ಬ್ಯಾಟ್‌ಮ್ಯಾನ್ ಅಲ್ಲ ಇದು.

ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ಮೆಸೇಜ್ ಹಾಕುತ್ತಲೇ ಇರುತ್ತಾನೆ, "ಅಣ್ಣಾ, ಬರುವಾಗ ಅಬ್ಸೊಲ್ಯೂಟ್ ಬ್ಯಾಟ್‌ಮ್ಯಾನ್ ಒಂದು, ಫಸ್ಟ್ ಪ್ರಿಂಟ್" ಅಂತ. ಓದಲಿಕ್ಕಾದರೆ ಚರ್ಚ್ ಸ್ಟ್ರೀಟಿನ ಬ್ಲಾಸಮ್ ಪುಸ್ತಕದಂಗಡಿಯಲ್ಲಿ ಸಂಪುಟ ವಿಚಾರಿಸು, ಮಾರಲಿಕ್ಕಾದರೆ ನನ್ನನ್ನು ಕೇಳಲೇಬೇಡ ಅಂದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.